ಟೊಟಿಲಾಸ್‌ನ 24 ಸ್ಟ್ರಾ

ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಮೂರು ವರ್ಷ ತುಮಕೂರು ಕಡೆಯ ಹಳ್ಳಿಗಳಲ್ಲಿ ಹಸುಗಳಿಗೆ ‘ಇಂಜೆಕ್ಷನ್’ ಕೊಟ್ಟುಕೊಂಡಿದ್ದವನು ನಾನು. ಕೃತಕ ಗರ್ಭಧಾರಣೆಗೆ ನಮ್ಮ ರೈತರು ಹೇಳುವುದೇ ಹಾಗೆ. ಒಂದು ಹಸುವಿಗೆ ಒಂದು ಸ್ಟ್ರಾ, ಅಂದರೆ ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಸಣ್ಣ ಕೊಳವೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಉತ್ತರ ಜರ್ಮನಿಯ ಫೆಖ್ಟಾ ಜಿಲ್ಲೆಯಲ್ಲಿ ಕುದುರೆ ಡಾಕ್ಟರಾಗಿ ಸೇರಿಕೊಂಡಾಗ ಈ ಲೆಕ್ಕ ಕೈಯಲ್ಲಿ ಹಾಗೇ ಕೂತಿತ್ತು. ಅದನ್ನು ಬಿಡಿಸಿಕೊಳ್ಳಲು ಟೊಟಿಲಾಸ್ ಎಂಬ ಹೆಸರಾಂತ ಕುದುರೆಯ ವೀರ್ಯದ ಒಂದು ಡೋಸ್ ಹಾಳುಮಾಡಬೇಕಾಯಿತು.

ಓದುವಾಗ ಕುಣಿಗಲ್ ಸ್ಟಡ್ ಫಾರ್ಮ್‌ಗೆ ಹೋಗಿದ್ದೆವು. ಅಲ್ಲಿದ್ದದ್ದು ರೇಸಿನ ಥರೋಬ್ರೆಡ್. ಆ ತಳಿಯಲ್ಲಿ ಗಂಡು ಕುದುರೆಯೇ ಹೆಣ್ಣಿನ ಮೇಲೆ ಹಾಯಬೇಕು. ಸ್ಟ್ರಾದಿಂದ ಹುಟ್ಟಿದ ಮರಿಗೆ ನೋಂದಣಿಯೇ ಸಿಗುವುದಿಲ್ಲ. ಡ್ರೆಸಾಜ್‌ಗೆ (ಕುದುರೆಯ ಹೆಜ್ಜೆ, ಲಯಕ್ಕೆ ಅಂಕ ಕೊಡುವ ಸವಾರಿ ಸ್ಪರ್ಧೆ), ಜಂಪಿಂಗ್‌ಗೆ ಬೆಳೆಸುವ ವಾರ್ಮ್‌ಬ್ಲಡ್ ಕುದುರೆಗಳಲ್ಲಿ ಹಾಗಲ್ಲ. ಸ್ಪರ್ಧೆಗೆ ಹೋಗುವ ಗಂಡು ಕುದುರೆ ವಾರಕ್ಕೆ ಎರಡು ಮೂರು ಸಲ ಚರ್ಮ ಹೊದಿಸಿದ ಮರದ ಡಮ್ಮಿ ಹತ್ತಿ, ವೀರ್ಯ ಕೊಟ್ಟು ಇಳಿದು, ಮಿಕ್ಕ ದಿನ ಸವಾರಿ ಕೆಲಸಕ್ಕೆ ಹೋಗುತ್ತದೆ. ಮರಿಗಳು ದೇಶದೇಶಗಳಲ್ಲಿ ಹುಟ್ಟುತ್ತವೆ, ಅಪ್ಪನನ್ನು ಕಂಡ ಹೆಣ್ಣು ಕುದುರೆ ಒಂದೂ ಇರುವುದಿಲ್ಲ.

2019ರ ವಸಂತದಲ್ಲಿ ನನ್ನನ್ನು ಕರೆಸಿದ ಯಜಮಾನಿಯ ಕೊಟ್ಟಿಗೆಯ ಮೂಲೆಯಲ್ಲಿ ಸ್ಟ್ರಾಗಳನ್ನು ಹೆಪ್ಪುಗಟ್ಟಿಸಿಯೇ ಇಡುವ ಒಂದು ದ್ರವ ನೈಟ್ರೋಜನ್ ಕ್ಯಾನ್. ಅದರಲ್ಲಿ 24 ಸ್ಟ್ರಾ, ಎಂಟೆಂಟರಂತೆ ಮೂರು ಡೋಸ್. ಚೀಟಿಯ ಮೇಲೆ ಟೊಟಿಲಾಸ್ ಎಂದು ಓದಿದಾಗ ಕೈ ಸ್ವಲ್ಪ ನಡುಗಿದ್ದು ನಿಜ.

ಕುದುರೆಯ ಲೋಕದ ಹೊರಗಿನವರಿಗೂ ಪರಿಚಯವಿದ್ದ ಹೆಸರು ಅದು. 2000ದಲ್ಲಿ ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹುಟ್ಟಿದ ಕಪ್ಪು ಕುದುರೆ. ಅಪ್ಪ ಟ್ರಾಕೇನರ್ ತಳಿಯ ಗ್ರಿಬಾಲ್ಡಿ, ಅಮ್ಮ ಲೊಮಿಂಕಾ. ಸವಾರ ಎಡ್ವರ್ಡ್ ಗಾಲ್. 2009ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ, ವಿಂಡ್ಸರ್‌ನಲ್ಲಿ, ಸಂಗೀತದ ಸುತ್ತಿಗೆ ಶೇ 90.75 ಅಂಕ. ಅಲ್ಲಿಯವರೆಗೆ ಡ್ರೆಸಾಜ್‌ನಲ್ಲಿ ತೊಂಬತ್ತು ಯಾರೂ ದಾಟಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ 92.30. ಮರುವರ್ಷ ಅಮೆರಿಕದ ಕೆಂಟಕಿಯಲ್ಲಿ ಕುದುರೆ ಸವಾರಿಯ ವಿಶ್ವ ಕ್ರೀಡಾಕೂಟ, ಮೂರಕ್ಕೆ ಮೂರೂ ಚಿನ್ನ. ಆಮೇಲೆ, 2010ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಕುದುರೆ ಸಾಕಣೆಗಾರ ಪೌಲ್ ಶೊಕೆಮ್ಯೋಲೆ ಕೊಂಡುಕೊಂಡು ಜರ್ಮನಿಗೆ ತಂದರು. ಡಚ್ಚರು ಮನೆಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ದುಃಖಪಟ್ಟರಂತೆ. ಹೊಸ ಸವಾರ ಮಥಿಯಾಸ್ ರಾಥ್. ಗೆಲುವುಗಳಿದ್ದವು, ಆದರೆ ಆ ಹಳೆಯ ತೊಂಬತ್ತು ಮತ್ತೆ ಬರಲಿಲ್ಲ. 2012ರ ಒಲಿಂಪಿಕ್ಸ್ ಸವಾರನ ಕಾಯಿಲೆಯಿಂದ ತಪ್ಪಿತು, 2014ರ ವಿಶ್ವ ಕೂಟ ಕುದುರೆಯ ಕಾಲುನೋವಿನಿಂದ.

2015ರ ಆಗಸ್ಟ್‌ನಲ್ಲಿ ಆಖನ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ನಮ್ಮ ಯಜಮಾನಿ ಹೋಗಿದ್ದರು. ಹಿಂಗಾಲಿನ ಹೆಜ್ಜೆ ಒಂದೇ ಸಮ ಬೀಳುತ್ತಿಲ್ಲ ಎಂದು ಪಕ್ಕದಲ್ಲಿ ಕೂತವರೆಲ್ಲ ಪಿಸುಗುಟ್ಟುತ್ತಿದ್ದರಂತೆ. ಅದೇ ಅದರ ಕೊನೆಯ ಸ್ಪರ್ಧೆ. ಅದಾದ ಮೇಲೂ ಈಕೆ ಅದೇ ಕುದುರೆಯ ಸ್ಟ್ರಾ ಕೊಂಡಿದ್ದಾರೆ! ಯಾಕೆ ಎಂದು ಕೇಳಿಯೇಬಿಟ್ಟೆ.

‘ಡಾಕ್ಟ್ರೇ, ಗಾಲ್ ಕೂತಾಗಲೂ ರಾಥ್ ಕೂತಾಗಲೂ ಬದಲಾಗದೆ ಉಳಿದದ್ದು ಏನೋ, ಅದು ಮಾತ್ರ ಆ ಸ್ಟ್ರಾದೊಳಗಿದೆ. ಅಂಕ ಅದರಲ್ಲಿಲ್ಲ.’

ತಳಿ ಬೆಳೆಸುವುದರ ಬಗ್ಗೆ ಕಾಲೇಜಿನ ಪುಸ್ತಕಗಳಿಗಿಂತ ಹೆಚ್ಚನ್ನು ಆ ಒಂದು ಮಾತು ಹೇಳಿಕೊಟ್ಟಿತು. ಬದಲಾಗದೆ ಉಳಿದದ್ದೇನು? ಆಕಾಶಕ್ಕೆ ಏಳುವ ಮುಂಗಾಲು, ಲಯ, ಗದ್ದಲಕ್ಕೆ ಹೆದರದ ಸ್ವಭಾವ. ಮುಂಗಾಲಿನಷ್ಟು ಹಿಂಗಾಲು ದುಡಿಯುತ್ತಿರಲಿಲ್ಲ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು, ವಿಡಿಯೊ ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಯಜಮಾನಿಯ ಕಂದು ಹೆಣ್ಣು ಕುದುರೆ ಇದಕ್ಕೆ ತದ್ವಿರುದ್ಧ. ನೋಡಲು ಸಾಧಾರಣ, ಮುಂಗಾಲು ಸಪ್ಪೆ, ಹಿಂಗಾಲು ಮಾತ್ರ ಎತ್ತಿನ ಹಾಗೆ ನೆಲ ಒದ್ದು ನೂಕುತ್ತಿತ್ತು. ಜೋಡಿ ಸರಿಯಿದೆ ಅನಿಸಿತು.

ಇನ್ನು ನನ್ನ ತಪ್ಪು. ಹಸುವಿನ ಬೆದೆ ಒಂದು ದಿನದೊಳಗೆ ಮುಗಿದು, ಆಮೇಲೆ ಅಂಡ ಬಿಡುಗಡೆಯಾಗುತ್ತದೆ. ಕುದುರೆ ಐದಾರು ದಿನ ಬೆದೆಯಲ್ಲಿದ್ದು, ಬೆದೆ ಇಳಿಯುವ ಮೊದಲೇ ಅಂಡ ಬಿಟ್ಟುಬಿಡುತ್ತದೆ. ಹೆಪ್ಪುಗಟ್ಟಿಸಿದ ವೀರ್ಯ ಕರಗಿಸಿದ ಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ. ಅಂಡ ಬಿಡುಗಡೆಗೆ 12 ಗಂಟೆ ಮುಂಚಿನಿಂದ ಆಮೇಲಿನ ಆರು ಗಂಟೆಯವರೆಗೆ, ಅಷ್ಟೇ ಅವಕಾಶ. ಏಪ್ರಿಲ್‌ನಲ್ಲಿ ಮೊದಲ ಸಲ ರಾತ್ರಿ ಹತ್ತಕ್ಕೆ ಸ್ಕ್ಯಾನ್ ಮಾಡಿದಾಗ ಫಾಲಿಕಲ್, ಅಂದರೆ ಅಂಡ ಹೊತ್ತ ನೀರುಗುಳ್ಳೆ, ದೊಡ್ಡದಾಗಿಯೇ ಇತ್ತು. ಬೆಳಿಗ್ಗೆ ನೋಡೋಣ ಎಂದು ಹೋಗಿ ಮಲಗಿದೆ. ಎಂಟಕ್ಕೆ ಬಂದು ನೋಡಿದರೆ ಒಡೆದುಹೋಗಿದೆ. ಒಂದು ಗಂಟೆಯ ಹಿಂದೆಯೋ ಒಂಬತ್ತು ಗಂಟೆಯ ಹಿಂದೆಯೋ, ಯಾರಿಗೆ ಗೊತ್ತು? ಆದರೂ ಹಾಕಿದೆ. 16ನೇ ದಿನ ಗರ್ಭಕೋಶ ಖಾಲಿ. ಯಜಮಾನಿ ಒಂದು ಮಾತೂ ಆಡಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಮೇ ತಿಂಗಳಲ್ಲಿ ಮತ್ತೆ ಬೆದೆಗೆ ಬಂತು. ಫಾಲಿಕಲ್ 38 ಮಿಲಿಮೀಟರ್ ಆದಾಗ ಮಧ್ಯಾಹ್ನ ಎರಡಕ್ಕೆ ಅಂಡ ಬಿಡಿಸುವ ಹಾರ್ಮೋನ್ ಡೆಸ್ಲೊರೆಲಿನ್ ಚುಚ್ಚಿದೆ. ಇದಾದ 36ರಿಂದ 40 ಗಂಟೆಗೆ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗುತ್ತದೆ. ಈ ಸಲ ಮನೆಗೆ ಹೋಗಲಿಲ್ಲ, ಹುಲ್ಲಿನ ಕಂತೆಯ ಮೇಲೇ ಕೂತೆ. ಎರಡನೆಯ ರಾತ್ರಿ ಎರಡು ಗಂಟೆಗೆ ಫಾಲಿಕಲ್ ಮೆತ್ತಗಾಗಿ ಪೇರ್ ಹಣ್ಣಿನ ಆಕಾರಕ್ಕೆ ಬಂದಿತ್ತು. ಐದಕ್ಕೆ ನೋಡಿದಾಗ ಇರಲಿಲ್ಲ.

ಕ್ಯಾನಿನಿಂದ ಎಂಟು ಸ್ಟ್ರಾ ಎತ್ತಿ 37 ಡಿಗ್ರಿಯ ನೀರಿಗೆ ಬಿಟ್ಟು ಮೂವತ್ತು ಸೆಕೆಂಡ್ ಎಣಿಸಿದೆ. ಒಂದೊಂದನ್ನೂ ಒರೆಸಿ ಒಣಗಿಸಬೇಕು, ಒಂದು ಹನಿ ನೀರು ಸೇರಿದರೂ ವೀರ್ಯಾಣು ಸಾಯುತ್ತವೆ. ತುದಿ ಕತ್ತರಿಸಿ ಬೆಚ್ಚಗಿಟ್ಟಿದ್ದ ಸಿರಿಂಜಿಗೆ ತುಂಬಿಕೊಂಡೆ. ಎಂಟೂ ಸೇರಿ ನಾಲ್ಕೇ ಮಿಲಿಲೀಟರ್. ಉಳಿಸಿಕೊಂಡ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿದೆ, ಗುರಿಯಿಟ್ಟು ಈಜುವವು ಕಾಲು ಭಾಗಕ್ಕಿಂತ ಹೆಚ್ಚಿದ್ದವು, ಸಾಕು. ಉದ್ದನೆಯ ಬಾಗುವ ನಳಿಕೆಯನ್ನು, ಒಳಗಿಟ್ಟ ಇನ್ನೊಂದು ಕೈಯಿಂದ ದಾರಿ ತೋರಿಸುತ್ತ, ಅಂಡ ಬಿಟ್ಟ ಪಕ್ಕದ ಗರ್ಭಕೋಶದ ಕೊಂಬಿನ, ಅಂದರೆ ಕವಲಿನ, ತುದಿಯವರೆಗೆ ಒಯ್ದು ಬಿಟ್ಟೆ. ಮರುದಿನ ಒಳಗೆ ದ್ರವ ನಿಂತಿತ್ತು. ತೊಳೆದು, ಗರ್ಭಕೋಶ ಹಿಂಡಿಕೊಂಡು ದ್ರವ ಹೊರಹಾಕಲೆಂದು ಆಕ್ಸಿಟೋಸಿನ್ ಕೊಟ್ಟೆ. ಹೆಪ್ಪುಗಟ್ಟಿಸಿದ ವೀರ್ಯಕ್ಕೆ ಕೆಲವು ಕುದುರೆಗಳ ಗರ್ಭಕೋಶ ಹೀಗೆ ಸಿಟ್ಟಾಗುವುದುಂಟು. ಬಹಳ ಜನ ಇದನ್ನು ನೋಡದೇ ಬಿಟ್ಟು, ಆಮೇಲೆ ಸ್ಟ್ರಾವನ್ನು ಬೈಯುತ್ತಾರೆ.

ಊರಿಂದ ಅಮ್ಮ ಫೋನ್ ಮಾಡಿದಾಗ ಹೇಳಿದೆ. ‘ಒಂದು ಕುದ್ರೆಗೆ ಎಂಟು ಸ್ಟ್ರಾನಾ? ಎಂಟು ಹಸ ಗಬ್ಬ ಆಗೋವಲ್ಲೋ!’ ಅಂದಳು.

15ನೇ ದಿನದ ಸ್ಕ್ಯಾನಿನಲ್ಲಿ ಕಪ್ಪಗೆ ದುಂಡಗೆ ಒಂದು ಚುಕ್ಕೆ, ಎರಡು ಸೆಂಟಿಮೀಟರ್. ಅವಳಿ ಇದೆಯೇ ಎಂದು ಎರಡು ಕೊಂಬನ್ನೂ ಮೂರು ಸಲ ಹುಡುಕಿದೆ. ಕುದುರೆಯಲ್ಲಿ ಅವಳಿ ಎಂದರೆ ಬಹುಪಾಲು ಎರಡೂ ಕೈತಪ್ಪಿದ ಹಾಗೆ. ಒಂದೇ ಇತ್ತು. ಗಬ್ಬ ನಿಂತಿತು.

2020ರ ಏಪ್ರಿಲ್ ಕೊನೆಯಲ್ಲಿ, ಲಾಕ್‌ಡೌನಿನ ನಡುವೆ, ಹೆಣ್ಣುಮರಿ ಹುಟ್ಟಿತು. ಅಪ್ಪನ ಕಪ್ಪು ಬರಲಿಲ್ಲ, ಗಾಢ ಕಂದು. ಎರಡು ತಿಂಗಳಿಗೆ ಹುಲ್ಲುಗಾವಲಲ್ಲಿ ಓಡುವಾಗ ನೋಡಿದೆ, ಹಿಂಗಾಲು ಅಮ್ಮನದೇ. ಮುಂಗಾಲು ಒಮ್ಮೊಮ್ಮೆ ಮಾತ್ರ, ಗಾಳಿಗೆ ಬೆದರಿದಾಗ, ಒಂದು ಕ್ಷಣ ತಡೆದು ಮೇಲೆ ನಿಲ್ಲುತ್ತಿತ್ತು. ಅದು ಅಪ್ಪನದು ಎಂದು ಯಜಮಾನಿ ಹೇಳಿದರು, ನನಗೆ ಅಷ್ಟು ಖಚಿತವಿಲ್ಲ. ಅಪ್ಪನ ಬೀಜ ಪೂರ್ತಿ ಕಾಣಬೇಕಾದರೆ ಟೋಟಲ್ ಯುಎಸ್ ಎಂಬ ಮಗನನ್ನು ನೋಡಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಅವನನ್ನು ಕರೆದೊಯ್ದದ್ದು ಅದೇ ಎಡ್ವರ್ಡ್ ಗಾಲ್. ಅಪ್ಪ ಹೋಗದ ಒಲಿಂಪಿಕ್ಸ್‌ಗೆ ಮಗ ಹೋದ.

ಅದಕ್ಕೂ ಮುಂಚೆ, 2020ರ ಡಿಸೆಂಬರ್ 14ರಂದು, ಟೊಟಿಲಾಸ್ ಹೊಟ್ಟೆಶೂಲೆಯಿಂದ ಸತ್ತುಹೋಯಿತು. ಇಪ್ಪತ್ತು ವರ್ಷವಾಗಿತ್ತು. ಸುದ್ದಿ ಗೊತ್ತಾದ ಸಂಜೆ ಯಜಮಾನಿಯ ಫೋನ್ ಬಂತು. ಸಮಾಧಾನ ಹೇಳಲು ಮಾತು ಜೋಡಿಸಿಕೊಂಡೇ ಎತ್ತಿದೆ. ಅವರು ಕೇಳಿದ್ದು ಇಷ್ಟೇ: ‘ಡಾಕ್ಟ್ರೇ, ಕ್ಯಾನಲ್ಲಿ ನೈಟ್ರೋಜನ್ ಎಷ್ಟಿದೆ ನೋಡಿದ್ರಾ?’

ಗಾಡಿ ತೆಗೆದುಕೊಂಡು ಹೋದೆ. ಅಳತೆ ಕೋಲನ್ನು ತಳದವರೆಗೆ ಇಳಿಸಿ, ಹತ್ತು ಎಣಿಸಿ, ಹೊರತೆಗೆದು ಗಾಳಿಯಲ್ಲಿ ಆಡಿಸಿದೆ. ಕೋಲಿನ ಮೇಲೆ ಬಿಳಿ ಹಿಮ ಕೂತಿತು. ಹದಿನೆಂಟು ಸೆಂಟಿಮೀಟರ್. ಕೊನೆಯ ಎಂಟು ಸ್ಟ್ರಾ ಪೂರ್ತಿ ಮುಳುಗಿದ್ದವು.