ಎಮರ್ಜೆನ್ಸಿ ಮೆಡಿಸಿನ್: ಅವೇ ರೊಟೇಷನ್‌ಗೆ ಆಸ್ಪತ್ರೆ ಆರಿಸುವುದು ಹೇಗೆ?

ಅಮೆರಿಕದಲ್ಲಿ ಮೆಡಿಕಲ್ ಓದುವ ನಮ್ಮ ಕನ್ನಡದ ಮಕ್ಕಳು ಕೊನೇ ವರ್ಷಕ್ಕೆ ಬಂದಾಗ ಫೋನ್ ಮಾಡುತ್ತಾರೆ. ‘ಅಂಕಲ್, ಎಲ್ಲಿಗೆ ಹಾಕಲಿ?’ ಪಟ್ಟಿ ಕೇಳಿದರೆ ಬರೀ ದೊಡ್ಡ ಹೆಸರುಗಳು. ಅಲ್ಲೇ ಎಡವುವುದು.

ಅವೇ ರೊಟೇಷನ್ ಅಂದರೆ ಬೇರೆ ಊರಿನ ಆಸ್ಪತ್ರೆಯಲ್ಲಿ ಸುಮಾರು ನಾಲ್ಕು ವಾರದ ಕೆಲಸ. ಅಲ್ಲಿನ ವೈದ್ಯರು ನಿಮ್ಮ ಕೆಲಸ ಅಳೆದು ಬರೆಯುವ ‘ಸ್ಲೋ’ (SLOE) ಪತ್ರಕ್ಕೆ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಅರ್ಜಿಯಲ್ಲಿ ಭಾರೀ ತೂಕ. ಎಲ್ಲ ಕಡೆಯೂ ಒಂದೇ ನಮೂನೆ, ಜೊತೆಯ ವಿದ್ಯಾರ್ಥಿಗಳಿಗೆ ಹೋಲಿಸಿ ಬರೆಯುತ್ತಾರೆ.

ಮೊದಲು ತಿಂಗಳು ಗೊತ್ತುಮಾಡಿ. ಜುಲೈ ಇಲ್ಲವೇ ಆಗಸ್ಟ್. ಸೆಪ್ಟೆಂಬರ್ ಕೊನೆಗೆ ಅರ್ಜಿಗಳು ರೆಸಿಡೆನ್ಸಿ ಪ್ರೋಗ್ರಾಂಗಳ ಕೈ ಸೇರುತ್ತವೆ, ಅಷ್ಟರೊಳಗೆ ಪತ್ರ ಬಂದಿರಬೇಕು. ನಿಮ್ಮ ಕಾಲೇಜಲ್ಲೇ ಎಮರ್ಜೆನ್ಸಿ ವಿಭಾಗ ಇದ್ದರೆ ಅಲ್ಲಿ ಒಂದು ತಿಂಗಳು ಮುಗಿಸಿಯೇ ಹೊರಡಿ.

ಆಮೇಲೆ ಆಸ್ಪತ್ರೆಯ ಬಗೆ. ಶಿಕಾಗೋದ ಕುಕ್ ಕೌಂಟಿ, ಡೆನ್ವರ್ ಹೆಲ್ತ್ ಥರದವು ವಿಮೆ ಇಲ್ಲದವರಿಗೂ ಆಸರೆಯಾದ ಜಾಗಗಳು, ನಮ್ಮ ವಿಕ್ಟೋರಿಯಾ ಇದ್ದಂತೆ. ವಿಶ್ವವಿದ್ಯಾಲಯದ ಆಸ್ಪತ್ರೆಗಳ ರೀತಿ ಬೇರೆ, ಊರಿನ ಕಮ್ಯುನಿಟಿ ಆಸ್ಪತ್ರೆಗಳದು ಇನ್ನೂ ಬೇರೆ. ನಿಮ್ಮ ಕಾಲೇಜಲ್ಲಿ ಕಾಣದ ಬಗೆಯನ್ನೇ ಆರಿಸಿ. ಆದರೆ ಅಲ್ಲಿ ಎಮರ್ಜೆನ್ಸಿ ರೆಸಿಡೆನ್ಸಿ ಇರಲೇಬೇಕು.

ಈಗ ಕಷ್ಟದ ಕೆಲಸ. ನಾಲ್ಕೈದು ಕಡೆಯ ಕೋಆರ್ಡಿನೇಟರ್‌ಗೆ ಬರೆದು ಕೇಳಿ: ಅದೇ ತಿಂಗಳು ಹೊರಗಿನ ವಿದ್ಯಾರ್ಥಿಗಳು ಎಷ್ಟು ಜನ? ಶಿಫ್ಟ್ ಎಷ್ಟು? ಒಬ್ಬರೇ ಅಟೆಂಡಿಂಗ್ (ಹೊಣೆ ಹೊತ್ತ ಹಿರಿಯ ವೈದ್ಯರು) ಜೊತೆ ಮತ್ತೆ ಮತ್ತೆ ಹಾಕುತ್ತಾರಾ? ರೋಗಿಯ ವಿಷಯ ನೇರ ಅಟೆಂಡಿಂಗ್‌ಗೆ ಹೇಳಬೇಕಾ, ರೆಸಿಡೆಂಟ್‌ಗಾ? ಪತ್ರವನ್ನು ಒಬ್ಬರು ಬರೆಯುತ್ತಾರಾ, ವಿಭಾಗದ ಹಿರಿಯರು ಕೂತು ಬರೆಯುತ್ತಾರಾ? ಕೂತು ಬರೆಯುವ ಕಡೆಗೇ ಹೋಗಿ. ಅದಕ್ಕೆ ಬೆಲೆ ಜಾಸ್ತಿ. ಹೋದ ವರ್ಷ ಅಲ್ಲಿಗೆ ಹೋಗಿ ಬಂದ ಸೀನಿಯರ್‌ಗೂ ಇದನ್ನೇ ಕೇಳಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲು ಹೋದದ್ದು ಹೆಸರಾದ ಆಸ್ಪತ್ರೆಗೆ. ಟ್ರಾಮಾ, ಅಂದರೆ ಜೋರು ಪೆಟ್ಟಾದ ರೋಗಿ, ಬಂದರೆ ಒಂದು ಮಂಚದ ಸುತ್ತ ಏಳು ವಿದ್ಯಾರ್ಥಿಗಳು. ಕತ್ತರಿಯಿಂದ ಪ್ಯಾಂಟ್ ಕತ್ತರಿಸುವುದು, ಬಿಸಿ ಕಂಬಳಿ ತರುವುದು, ಇಷ್ಟೇ ನನ್ನ ಪಾಲಿಗೆ. ಎರಡನೆಯದು ಸಣ್ಣ ಊರಿನದು. ಒಬ್ಬ ಮೇಡಂ ಜೊತೆ ನಾಲ್ಕು ಶಿಫ್ಟ್. ಮೊದಲ ದಿನ ಹೊಟ್ಟೆನೋವಿನ ಅಜ್ಜಿಯನ್ನು ಎರಡನೇ ಸಲ ಮುಟ್ಟಿ ನೋಡದೆ ‘ಮನೆಗೆ ಕಳಿಸಬಹುದು’ ಅಂದುಬಿಟ್ಟಿದ್ದೆ. ಅವರು ತಿದ್ದಿದರು. ನಾಲ್ಕನೇ ದಿನ ಯಾರೂ ಹೇಳದೆ ನಾನೇ ಮತ್ತೆ ಹೊಟ್ಟೆ ಮುಟ್ಟಿ ನೋಡಿ ಬಂದದ್ದನ್ನೂ ಗಮನಿಸಿದರು. ನನ್ನ ಪತ್ರದಲ್ಲಿ ಆ ಮಾತಿತ್ತು ಅಂತ ಇಂಟರ್‌ವ್ಯೂನಲ್ಲಿ ಗೊತ್ತಾಯಿತು.

ಕರ್ನಾಟಕದಲ್ಲಿ ಎಂಬಿಬಿಎಸ್ ಓದುತ್ತಿರುವವರಿಗೆ ಒಂದು ಮಾತು. ಪದವಿ ಮುಗಿಯುವ ಮೊದಲೇ ಪ್ರಯತ್ನಿಸಿ, ಆಮೇಲೆ ಸಿಗುವುದು ಹೆಚ್ಚಾಗಿ ಅಬ್ಸರ್ವರ್‌ಶಿಪ್. ಅಲ್ಲಿ ರೋಗಿಯನ್ನು ಮುಟ್ಟುವಂತಿಲ್ಲ, ಸ್ಲೋ ಪತ್ರವೂ ಇಲ್ಲ. ಲಕ್ಷಗಟ್ಟಲೆ ಕೇಳುವ ಏಜೆನ್ಸಿಗಳಿಗೆ ಅಪ್ಪನ ದುಡ್ಡು ಸುಮ್ನೆ ಸುರಿಯಬೇಡಿ.

ಲಸಿಕೆ, ಟಿಬಿ ಪರೀಕ್ಷೆಯ ಕಾಗದಗಳನ್ನು ಮೊದಲೇ ಜೋಡಿಸಿಡಿ. ಸೀಟು ಒಪ್ಪಿಕೊಂಡ ದಿನವೇ ಉಳಿದ ಅರ್ಜಿ ವಾಪಸ್ ಪಡೆಯಿರಿ, ಇನ್ನೊಬ್ಬರಿಗೆ ಸಿಗುತ್ತದೆ ಅಲ್ವಾ? ರೂಮನ್ನು ಮಾತ್ರ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ರಾತ್ರಿಯಿಡೀ ನಿಂತು ಕೆಲಸ ಮಾಡಿ ಬೆಳಿಗ್ಗೆ ಏಳಕ್ಕೆ ಕಾರು ಓಡಿಸುವುದು ಬೇಡವೇ ಬೇಡ.