ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅಪ್ಪನ ಪಿಎಸ್‌ಎ

ಅಪ್ಪನ ಅಡಿಕೆ ಲೆಕ್ಕದ ಪುಸ್ತಕದಲ್ಲಿ, ಮೊದಲ ಸಲ ಮದ್ದು ಬಿಟ್ಟವರ ಕೂಲಿ ಬರೆದಿಟ್ಟ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ ‘ರಾತ್ರಿ 5’ ಎಂದಿತ್ತು. ಮರುದಿನದ ತಾರೀಕಿಗೆ ‘ರಾತ್ರಿ 6’. ಏನಪ್ಪಾ ಇದು ಎಂದು ಕೇಳಿದೆ. ಅಪ್ಪ ಬೈರಾಸು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದುಬಿಟ್ಟರು. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದರು: ‘ಮೂತ್ರಕ್ಕೆ ಏಳುವ ಲೆಕ್ಕ. ಹೆಣ್ಣುಮಗಳ ಹತ್ತಿರ ಹೇಳುವುದು ಹೇಗೆಂದು ಬರೆದಿಡುತ್ತಾರೆ.’

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುವವಳು. ಅಣ್ಣ ದುಬೈಯಲ್ಲಿದ್ದಾನೆ. ಹಾಗಾಗಿ 72 ವರ್ಷದ ಅಪ್ಪನ ಜೊತೆ ಆಸ್ಪತ್ರೆಗೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಜೂನ್ 12ರಂದು ಮೊದಲ ರಕ್ತಪರೀಕ್ಷೆ, ಸೆಪ್ಟೆಂಬರ್ 2ರಂದು ಚಿಕಿತ್ಸೆಯ ತೀರ್ಮಾನ; ನಡುವೆ 82 ದಿನ. ಆ ದಿನಗಳನ್ನು ಹೇಗೆ ಕಳೆದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಬರೆದಿಡುತ್ತಿದ್ದೇನೆ. ಹೀಗೆಯೇ ಕಾಯುತ್ತಿರುವ ಇನ್ನೊಂದು ಮನೆಗೆ ಉಪಯೋಗಕ್ಕೆ ಬಂದರೆ ಬರಲಿ.

ಅದಕ್ಕೂ ಮೊದಲು ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು ಮಾತ್ರೆ ಕೊಟ್ಟಿದ್ದರು. ವಯಸ್ಸಾದ ಮೇಲೆ ಎಲ್ಲರಿಗೂ ಇರುವುದೇ ಎಂದಿದ್ದರು. ಆ ಮಾತು ಸುಳ್ಳಲ್ಲ. ವಯಸ್ಸಾದಂತೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುತ್ತದೆ, ಮೂತ್ರನಾಳವನ್ನು ಒತ್ತುತ್ತದೆ. ಆದರೆ ಒಳಗಿರುವುದು ಬರಿಯ ಊತವೋ ಕ್ಯಾನ್ಸರೋ ಎಂಬುದು ತೊಂದರೆಯನ್ನು ಕೇಳಿದ ಮಾತ್ರಕ್ಕೆ ತಿಳಿಯುವುದಿಲ್ಲ. ಒಂದು ರಕ್ತಪರೀಕ್ಷೆ ಬರೆದುಕೊಡಬಹುದಿತ್ತು, ಯಾರೂ ಬರೆಯಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಆ ಎಂಟು ತಿಂಗಳು ನೆನಪಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಪರೀಕ್ಷೆಯ ಹೆಸರು ಪಿಎಸ್‌ಎ. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ಅದು ಅಳೆಯುತ್ತದೆ. ಸಾಮಾನ್ಯವಾಗಿ 4ರ ಒಳಗಿರಬೇಕು ಎನ್ನುತ್ತಾರೆ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ. ಅಪ್ಪನದು 18.6 ಬಂತು. ಆ ರಾತ್ರಿ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿ ಬೆಳಗು ಮಾಡಿದೆ. ಮಂಗಳೂರಿನ ಮೂತ್ರರೋಗ ತಜ್ಞರು ಆ ಸಂಖ್ಯೆಯನ್ನು ನೋಡಿ ಹೇಳಿದ್ದೇ ಬೇರೆ: ಮೂತ್ರದಲ್ಲಿ ಸೋಂಕಿದ್ದರೂ ಗ್ರಂಥಿ ಊದಿದ್ದರೂ ಪಿಎಸ್‌ಎ ಏರುತ್ತದೆ, ಅಪ್ಪನಿಗೆ ಸೋಂಕು ಇದೆ, ಮೊದಲು ಅದನ್ನು ವಾಸಿ ಮಾಡಿ, ಆರು ವಾರ ಬಿಟ್ಟು ಮತ್ತೊಮ್ಮೆ ರಕ್ತ ಕೊಡಿ.

ಆರು ವಾರ! ಇಷ್ಟು ದಿನ ಬಿಟ್ಟರೆ ಹರಡಿಹೋದೀತು ಎಂದು ನನಗೆ ಕೈಕಾಲು ಆಡಲಿಲ್ಲ. ಈ ಕಾಯಿಲೆ ಬಹುಪಾಲು ಜನರಲ್ಲಿ ನಿಧಾನವಾಗಿ ಬೆಳೆಯುವುದೆಂದೂ ಕೆಲವು ವಾರಗಳಿಂದ ಚಿಕಿತ್ಸೆ ಕೆಡುವುದಿಲ್ಲವೆಂದೂ ವೈದ್ಯರು ಎರಡು ಸಲ ಹೇಳಬೇಕಾಯಿತು. ಅಪ್ಪ ಮಾತ್ರ ತಲೆಯಾಡಿಸಿ, ‘ಮೊದಲ ಮದ್ದಿಗೂ ಎರಡನೆಯ ಮದ್ದಿಗೂ ಇರುವಷ್ಟೇ ಅಂತರ’ ಎಂದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬಿಡುವ ಮದ್ದಿನ ಮಾತು ಅದು. ಸುಮಾರು 45 ದಿನಕ್ಕೊಮ್ಮೆ ಬಿಡಬೇಕು, ಮೊದಲೇ ಬಿಟ್ಟರೆ ಪ್ರಯೋಜನವಿಲ್ಲ, ತಡವಾದರೆ ಗೊನೆ ಉದುರುತ್ತದೆ. ಅವರಿಗೆ ಕಾಯುವುದು ಹೊಸದಾಗಿರಲಿಲ್ಲ.

ಆದರೆ ಅಪ್ಪ ಕಾಯುತ್ತಿದ್ದದ್ದು ಯಾವುದಕ್ಕೆಂದು ಅವರಿಗೆ ನಾನು ಹೇಳಿರಲಿಲ್ಲ. ಸೋಂಕು ಎಂದಷ್ಟೇ ಹೇಳಿದ್ದೆ. ರಕ್ತಪರೀಕ್ಷೆಯ ಕಾಗದವನ್ನು ಶಾಲೆಯ ಚೀಲದಲ್ಲಿ, ಉತ್ತರಪತ್ರಿಕೆಗಳ ನಡುವೆ ಇಟ್ಟುಕೊಂಡು ತಿರುಗುತ್ತಿದ್ದೆ. ಅಣ್ಣನೊಡನೆ ಮಾತನಾಡಬೇಕಾದರೆ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದೆ. ಇಪ್ಪತ್ತು ದಿನ ಹೀಗೆಯೇ ನಡೆಯಿತು. ಒಂದು ಸಂಜೆ ಅಪ್ಪ ಜಗಲಿಯಲ್ಲಿ ಕುಳಿತು ಕೇಳಿದರು: ‘ನನ್ನ ಹೆಸರಿನ ಕಾಗದ ನಿನ್ನ ಚೀಲದಲ್ಲಿ ಯಾಕೆ?’

ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಕನ್ನಡ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವವರು. ಮಲಯಾಳವನ್ನೂ ಕೂಡಿಸಿಕೊಂಡು ಓದುತ್ತಾರೆ. ಆಸ್ಪತ್ರೆಯ ಕಾಗದ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಅವರ ದೇಹದ ಸಂಗತಿಯನ್ನು ಅವರೊಬ್ಬರನ್ನು ಬಿಟ್ಟು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಅಡಿಕೆ ಲೆಕ್ಕದ ಪುಸ್ತಕವನ್ನೇ ತಂದು, ಹಿಂದಿನ ಖಾಲಿ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ: ‘ಜೂನ್ 12. ಪಿಎಸ್‌ಎ 18.6. ನಾಲ್ಕರ ಒಳಗಿರಬೇಕು. ಸೋಂಕಿನಿಂದಲೂ ಹೆಚ್ಚಾಗಬಹುದು. ಕ್ಯಾನ್ಸರಿನಿಂದಲೂ ಹೆಚ್ಚಾಗಬಹುದು. ಯಾವುದೆಂದು ಇನ್ನೂ ಗೊತ್ತಿಲ್ಲ.’ ಕ್ಯಾನ್ಸರ್ ಎಂದು ಬರೆಯುವಾಗ ಕೈ ನಡುಗಿತು. ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆಮೇಲೆ ಪೆನ್ಸಿಲು ತೆಗೆದುಕೊಂಡು ಅದರ ಕೆಳಗೆ ಆ ದಿನದ ‘ರಾತ್ರಿ 5’ ಬರೆದರು. ಅಂದಿನಿಂದ ಆ ಹಾಳೆ ನಮ್ಮಿಬ್ಬರದಾಯಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಬರೆಯುತ್ತಿದ್ದರು: ‘ಉರಿ ಇದೆ’, ‘ಧಾರೆ ಸಣ್ಣ’. ಅದನ್ನೇ ನಾನು ವೈದ್ಯರಿಗೆ ಓದಿ ಹೇಳುತ್ತಿದ್ದೆ. ಆ ಇಪ್ಪತ್ತು ದಿನ ಅವರನ್ನು ಒಬ್ಬಂಟಿಯಾಗಿ ಬಿಟ್ಟದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿದೆ.

ಈ ನಡುವೆ ನೆಂಟರು ಬರತೊಡಗಿದರು. ಲಕ್ಷ್ಮಣಫಲದ ಎಲೆಯ ಕಷಾಯ ಕುಡಿಸಿ ಎಂದು ಮೂರು ಮನೆಯವರು ಎಲೆ ತಂದುಕೊಟ್ಟರು. ಅದರಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ವೈದ್ಯರು ಹೇಳಿದರು. ತಂದವರ ಪ್ರೀತಿಗೆ ಕೈಮುಗಿದು ಎಲೆಯನ್ನು ತೆಗೆದಿರಿಸಿದೆವು. ತುಳುವರ ಆಟಿ ತಿಂಗಳಲ್ಲಿ ಸೂಜಿ ಚುಚ್ಚಿಸುವುದು ಬೇಡ, ಮುಂದಿನ ಸೋಣ ತಿಂಗಳು ಬರಲಿ ಎಂದರು ದೊಡ್ಡಮ್ಮ. ಎಂಡೋಸಲ್ಫಾನ್ ಕೀಟನಾಶಕದಿಂದಲೇ ಬಂದಿರಬೇಕು ಎಂದವರೂ ಇದ್ದರು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರುಗಳು ನಮ್ಮವು, ಆ ಸಂಶಯ ಬಾರದೆ ಇರದು. ವೈದ್ಯರನ್ನು ಕೇಳಿಯೂ ಕೇಳಿದೆ. ಒಬ್ಬರ ಕಾಯಿಲೆಯನ್ನು ತೋರಿಸಿ ಇದಕ್ಕೆ ಅದೇ ಕಾರಣ ಎನ್ನಲಾಗದು, ಈ ಕ್ಯಾನ್ಸರಿಗೆ ವಯಸ್ಸೇ ದೊಡ್ಡ ಕಾರಣ ಎಂದರು.

ಜುಲೈ 24ರ ಪಿಎಸ್‌ಎ 17.9. ಸೋಂಕು ಹೋಗಿತ್ತು, ಸಂಖ್ಯೆ ಹೆಚ್ಚೇನೂ ಇಳಿದಿರಲಿಲ್ಲ. ಇನ್ನು ಎಂಆರ್‌ಐ, ಅದರ ಮೇಲೆ ಬಯಾಪ್ಸಿ, ಎಂದರೆ ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷಿಸುವುದು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ಬಯಾಪ್ಸಿ ಮೊದಲಾದರೆ ಒಳಗೆ ರಕ್ತ ಕಟ್ಟಿ ಕೆಲವು ವಾರ ಎಂಆರ್‌ಐ ಚಿತ್ರ ಮಸುಕಾಗುತ್ತದೆ. ಎಂಆರ್‌ಐ ಮೊದಲಾದರೆ ಸಂಶಯದ ಜಾಗ ಕಂಡು ಸೂಜಿಯನ್ನು ಅಲ್ಲಿಗೇ ಹಾಕಬಹುದು.

ಪ್ರಯಾಣದ ಬಗ್ಗೆ ಹೇಳಲೇಬೇಕು. ಮೊದಲ ಸಲ ಮಂಗಳೂರಿಗೆ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅವಸರವಾದರೆ ಏನು ಗತಿ ಎಂದು ಅಪ್ಪ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟಿದ್ದರು. ಮಂಜೇಶ್ವರ ದಾಟುವಾಗ ಅವರ ತುಟಿ ಒಣಗಿ ಬಿರಿದಿತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿನವರು ಮೂತ್ರಕೋಶ ತುಂಬಿರಬೇಕು, ಒಂದು ಲೀಟರ್ ನೀರು ಕುಡಿಯಿರಿ ಎಂದು ಎರಡು ಗಂಟೆ ಕೂರಿಸಿದರು. ಮುಂದಿನ ಸಲದಿಂದ ಕುಂಬಳೆಯಲ್ಲಿ ಬೆಳಗಿನ ರೈಲು ಹತ್ತಿದೆವು. ರೈಲಿನಲ್ಲಿ ಶೌಚಾಲಯವಿದೆ, ಅಪ್ಪ ಅದರ ಬಾಗಿಲಿನ ಹತ್ತಿರದ ಸೀಟಿನಲ್ಲಿ ಕೂರುತ್ತಿದ್ದರು, ನೀರಿನ ಬಾಟಲಿಯೂ ಕೈಯಲ್ಲಿರುತ್ತಿತ್ತು. ಇಷ್ಟು ಸಣ್ಣ ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು.

ಆಗಸ್ಟ್ 7ರಂದು ಬಯಾಪ್ಸಿ. ಹೃದಯಕ್ಕೆಂದು ಅಪ್ಪ ತೆಗೆದುಕೊಳ್ಳುತ್ತಿದ್ದ ಆಸ್ಪಿರಿನ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೆಲವು ದಿನ ಮೊದಲು ನಿಲ್ಲಿಸಿದ್ದೆವು. ಗುದದ್ವಾರದ ಮೂಲಕ ಸೂಜಿ ಹಾಕಿ, ಗ್ರಂಥಿಯಿಂದ ಒಟ್ಟು 14 ಎಳೆ ತೆಗೆದರು. ಮೂತ್ರದಲ್ಲಿ ರಕ್ತ ಬಂದೀತು, ಹೆದರಬೇಡಿ. ಚಳಿಜ್ವರ ಬಂದರೆ ಮಾತ್ರ ತಡ ಮಾಡಬೇಡಿ ಎಂದು ಬರೆದುಕೊಟ್ಟಿದ್ದರು. ಎರಡನೆಯ ರಾತ್ರಿ ಅಪ್ಪನಿಗೆ ಚಳಿ ಹಿಡಿಯಿತು. ಹೊರಗೆ ಜಡಿಮಳೆ. ಮಳೆಯ ಥಂಡಿಯಿರಬೇಕು ಎಂದು ಕಂಬಳಿ ಹೊದೆಸಿ, ಪ್ಯಾರಾಸಿಟಮಾಲ್ ಕೊಟ್ಟು ಮೂರು ಗಂಟೆ ಕಳೆದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಮಂಚ ಅಲುಗುವಷ್ಟು ನಡುಕ ಬಂದ ಮೇಲೆ ಪಕ್ಕದ ಮನೆಯವರ ಜೀಪಿನಲ್ಲಿ ರಾತ್ರಿ ಒಂದು ಗಂಟೆಗೆ ಕಾಸರಗೋಡಿಗೆ ಓಡಿದೆವು. ಕರುಳಿನ ರೋಗಾಣು ರಕ್ತಕ್ಕೆ ಸೇರಿತ್ತು. ಮೂರು ದಿನ ರಕ್ತನಾಳಕ್ಕೆ ಔಷಧಿ ಕೊಟ್ಟರು. ಬಯಾಪ್ಸಿಯ ನಂತರದ ಜ್ವರಕ್ಕೆ ಮನೆಯಲ್ಲಿ ಮದ್ದು ಮಾಡುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಹೊರಡಿ.

ವರದಿ ಬರಲು 12 ದಿನ ಹಿಡಿಯಿತು. ಅದರಲ್ಲಿ ‘ಗ್ಲೀಸನ್ 4+4=8’, ‘ಗ್ರೇಡ್ ಗ್ರೂಪ್ 4’ ಎಂದಿತ್ತು. ಮೊಬೈಲಿನಲ್ಲಿ ಅದರ ಚಿತ್ರ ನೋಡಿದ ಅಣ್ಣ ನಾಲ್ಕನೆಯ ಹಂತ ಎಂದು ತಿಳಿದು ಫೋನಿನಲ್ಲೇ ಅತ್ತುಬಿಟ್ಟ. ಗ್ರೇಡ್ ಬೇರೆ, ಹಂತ ಬೇರೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬುದು ಗ್ರೇಡ್. ಅದನ್ನು ಹೇಳುವ ಗ್ಲೀಸನ್ ಅಂಕ ಈಗಿನ ವರದಿಗಳಲ್ಲಿ 6ರಿಂದ 10ರವರೆಗೆ ಇರುತ್ತದೆ, 8 ಎಂದರೆ ಜೋರಾಗಿ ಬೆಳೆಯುವ ಜಾತಿ. ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು ಹಂತ. ಅದು ಇನ್ನೂ ತಿಳಿಯಬೇಕಿತ್ತು. ಪುಸ್ತಕದಲ್ಲಿ ಅಪ್ಪನಿಗೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಹಂತದ ಮುಂದೆ ಖಾಲಿ ಬಿಟ್ಟೆ. ಆ ಖಾಲಿ ಜಾಗವನ್ನು ನೋಡುತ್ತಾ ಕಳೆದ ಒಂದು ವಾರ 82 ದಿನಗಳಲ್ಲಿಯೇ ಉದ್ದದ್ದು. ಮೂಳೆಗೆ ಹೋಗಿದ್ದರೆ? ಅಪ್ಪ ಸೊಂಟ ಮುಟ್ಟಿಕೊಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅವರಿಗೆ ಸೊಂಟನೋವು ಇಪ್ಪತ್ತು ವರ್ಷದಿಂದ ಇದೆ.

ಅದಕ್ಕೆ, ಈ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಇದೆ ಎಂದು ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್. ಚುಚ್ಚುವ ಔಷಧಿಯಲ್ಲಿ ಗ್ಯಾಲಿಯಂ-68 ಎಂಬ ವಿಕಿರಣ ವಸ್ತು ಇರುತ್ತದೆ. 68 ನಿಮಿಷದಲ್ಲಿ ಅದು ಅರ್ಧಕ್ಕೆ ಇಳಿಯುವುದರಿಂದ ಅಂದಂದಿಗೇ ತಯಾರಿಸಬೇಕು, ಹೇಳಿದ ಹೊತ್ತಿಗೆ ನಾವು ಅಲ್ಲಿರಬೇಕು. ಹಾಗಾಗಿ ಹಿಂದಿನ ದಿನವೇ ಹೋಗಿ ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಅಲ್ಲಿ ಎರಡು ವರ್ಷದ ಮಗುವಿದೆ. ಸ್ಕ್ಯಾನ್ ಆದ ದಿನ ಚಿಕ್ಕ ಮಕ್ಕಳಿಂದ ದೂರವಿರಬೇಕೆಂದು ಹೇಳಿದ್ದರಿಂದ ಅಪ್ಪ ಅಲ್ಲಿಗೆ ಮರಳದೆ ನೇರವಾಗಿ ರೈಲು ಹತ್ತಿದರು. ಎರಡು ದಿನದಲ್ಲಿ ಫಲಿತಾಂಶ: ಮೂಳೆಯಲ್ಲಿ ಇಲ್ಲ, ದುಗ್ಧರಸ ಗ್ರಂಥಿಗಳಲ್ಲಿ ಇಲ್ಲ, ಪ್ರಾಸ್ಟೇಟಿನೊಳಗೇ ಇದೆ. ಅಮ್ಮ ದೇವರ ಕೋಣೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಗಡಿನಾಡಿನವರಿಗೆ ಇನ್ನೊಂದು ತೂಗಾಟ ಇದ್ದೇ ಇದೆ, ಮಂಗಳೂರೋ ತಲಶ್ಶೇರಿಯೋ ಎಂದು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮ್ಮದೇ ರಾಜ್ಯದ್ದು. ಮಂಗಳೂರು ಹತ್ತಿರ, ಅಪ್ಪನಿಗೆ ಕನ್ನಡ, ತುಳುವಿನಲ್ಲಿ ಮಾತನಾಡಬಹುದು. ಆದರೆ 2020ರ ಮಾರ್ಚಿನಲ್ಲಿ, ಕೋವಿಡ್ ಸಮಯದಲ್ಲಿ, ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದನ್ನು ಕಂಡವರು ನಾವು. ನಿತ್ಯದ ಚಿಕಿತ್ಸೆ ಗಡಿಯಾಚೆ ಇದ್ದರೆ ಎಂಬ ಅಳುಕು ಹೋಗುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಕಾರ್ಡು ಇರುವವರು ತಾವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಎಲ್ಲಿ ಚಿಕಿತ್ಸೆ ಎಂದು ನಿರ್ಧರಿಸುವ ಮೊದಲು ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದಲ್ಲಿ ಹುದುಗಿಸಿಟ್ಟ ತುಣುಕುಗಳನ್ನೂ ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಿದೆವು. ಅವರೂ 8 ಎಂದರು. ಎರಡು ಕಡೆ ಒಂದೇ ಮಾತು ಬಂದ ಮೇಲೆ ಮಂಗಳೂರನ್ನೇ ಆರಿಸಿಕೊಂಡೆವು.

ಸೆಪ್ಟೆಂಬರ್ 2ರಂದು ಶಸ್ತ್ರಚಿಕಿತ್ಸಕರೂ ವಿಕಿರಣ ತಜ್ಞರೂ ಸೇರಿ ಮಾತನಾಡಿದರು. ಅಪ್ಪನ ವಯಸ್ಸು, ಹೃದಯ ನೋಡಿ ಶಸ್ತ್ರಚಿಕಿತ್ಸೆಗಿಂತ ವಿಕಿರಣ ಲೇಸು ಎಂದರು. ಮೊದಲು ಎರಡು ವಾರ ಮಾತ್ರೆ, ಆಮೇಲೆ ಮೂರು ತಿಂಗಳಿಗೊಂದು ಹಾರ್ಮೋನ್ ತಡೆಯುವ ಚುಚ್ಚುಮದ್ದು, ಒಟ್ಟು ಎರಡು ವರ್ಷ. ಕೆಲವು ವಾರಗಳ ನಂತರ 20 ದಿನ ವಿಕಿರಣ. ಗಂಡಸರ ಹಾರ್ಮೋನೇ ಈ ಕ್ಯಾನ್ಸರನ್ನು ಸಾಕುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲೇ ತೋರಿಸಿದ್ದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇದನ್ನು ಅಪ್ಪನಿಗೆ ಹೇಳಿದಾಗ, ‘ಕಳೆಗೆ ಹೋಗುವ ನೀರು ಕಟ್ಟುವುದು’ ಎಂದು ಅವರೇ ಪುಸ್ತಕದಲ್ಲಿ ಬರೆದುಕೊಂಡರು. ಮೈ ಬಿಸಿಯೇರಿ ಬೆವರುವುದು, ಆಯಾಸ, ಮೂಳೆ ಸವೆಯುವುದು ಇವೆಲ್ಲ ಆಗಬಹುದೆಂದು ವೈದ್ಯರು ಮುಚ್ಚಿಡದೆ ಹೇಳಿದರು. ನಾನೂ ಮುಚ್ಚಿಡದೆ ಬರೆದೆ.

ಪ್ರತಿ ಸಲ ವೈದ್ಯರ ಬಳಿಗೆ ಹೋಗುವ ಹಿಂದಿನ ರಾತ್ರಿ ಕೇಳಬೇಕಾದುದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಒಳಗೆ ಹೋದಾಗ ಸಿಗುವ ಹತ್ತು ನಿಮಿಷದಲ್ಲಿ ನೆನಪು ಕೈಕೊಡುತ್ತದೆ. ವಿಕಿರಣ ತಜ್ಞರಿಗೆಂದು ಬರೆದದ್ದು ನನ್ನ ಅಕ್ಷರದಲ್ಲಿ ಏಳು ಪ್ರಶ್ನೆ. ಬೆಳಿಗ್ಗೆ ರೈಲಿನಲ್ಲಿ ತೆರೆದಾಗ ಎಂಟನೆಯದೊಂದು ಪೆನ್ಸಿಲಿನಲ್ಲಿತ್ತು: ‘ಅಡಿಕೆ ಸುಲಿಯಲು ಕುಳಿತುಕೊಳ್ಳಬಹುದೇ?’ ಅದನ್ನೇ ಮೊದಲು ಕೇಳಿದೆ. ಕುಳಿತುಕೊಳ್ಳಬಹುದು, ನಡುನಡುವೆ ಎದ್ದು ನಡೆಯಬೇಕು ಎಂದರು.