ಇಸಿಜಿ ಓದಲು ಕಲಿಯಿರಿ: ಮಷೀನ್ ಬರೆದ ಸಾಲು ಮುಚ್ಚಿ, ಚೌಕ ಎಣಿಸಿ

ಇಸಿಜಿ ಪಟ್ಟಿ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ಹೋಗುವುದು ಮೇಲೆ ಮಷೀನ್ ತಾನೇ ಅಚ್ಚು ಹಾಕಿದ ಸಾಲಿಗೆ. ‘ನಾರ್ಮಲ್’ ಅಂತ ಇದ್ದರೆ ಮುಗಿಯಿತು, ಪಟ್ಟಿ ಮಡಚಿ ಫೈಲಿಗೆ ಸೇರಿಸುತ್ತಾರೆ. ನಾನು ಹದಿನೆಂಟು ವರ್ಷ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿದ್ದೆ, ಈಗ ನರ್ಸಿಂಗ್ ಮಕ್ಕಳಿಗೆ ಇಸಿಜಿ ಕಲಿಸುತ್ತೇನೆ. ಮೊದಲ ದಿನವೇ ಹೇಳುವುದು ಇಷ್ಟು: ಆ ಸಾಲಿನ ಮೇಲೆ ಹೆಬ್ಬೆರಳು ಇಡಿ. ಪೂರ್ತಿ ಓದಿದ ಮೇಲೆ ತೆಗೆಯಿರಿ.

ಇದು ಕಲಿಯುವವರಿಗೆ ಬರೆದದ್ದು. ನಿಮಗೇ ಎದೆ ನೋವಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಮೊದಲು ಹೆಸರು, ವಯಸ್ಸು, ತೆಗೆದ ಸಮಯ ನೋಡಿ. ಆಮೇಲೆ ಪಟ್ಟಿಯ ಅಂಚಿನಲ್ಲಿ 25 ಮಿ.ಮೀ. ಮತ್ತು 10 ಮಿ.ಮೀ. ಎಂಬ ಎರಡು ಅಂಕಿ ಹುಡುಕಿ. ಮೊದಲನೆಯದು ಒಂದು ಸೆಕೆಂಡಿಗೆ ಕಾಗದ ಓಡುವ ವೇಗ, ಎರಡನೆಯದು ಒಂದು ಮಿಲಿವೋಲ್ಟ್ ಎಷ್ಟು ಎತ್ತರ ಕಾಣಬೇಕು ಅನ್ನುವುದು. ಯಾರೋ ವೇಗದ ಗುಂಡಿ ಒತ್ತಿ 50 ಮಾಡಿಟ್ಟರೆ ಎಲ್ಲ ಅಲೆಗಳೂ ಅಗಲವಾಗಿ ಕಾಣುತ್ತವೆ, ನಾಡಿ ಬಡಿತ ಅರ್ಧಕ್ಕೆ ಇಳಿದಂತೆ ಲೆಕ್ಕ ಬರುತ್ತದೆ. 25ರ ವೇಗದಲ್ಲಿ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಐದು ಸಣ್ಣ ಚೌಕ ಸೇರಿದ ಒಂದು ದೊಡ್ಡ ಚೌಕ 0.2 ಸೆಕೆಂಡ್. ಇದು ಬಾಯಿಪಾಠ ಇರಲೇಬೇಕು.

ವೈರ್ ಸರಿಯಾಗಿ ಹಾಕಿದ್ದಾರಾ ಅಂತ ಪಟ್ಟಿಯೇ ಹೇಳುತ್ತದೆ. ಹೃದಯವನ್ನು ಒಂದೊಂದು ಕೋನದಿಂದ ನೋಡುವ ಗೆರೆಗೆ ಲೀಡ್ ಅನ್ನುತ್ತಾರೆ. ಪಟ್ಟಿಯಲ್ಲಿ ಹನ್ನೆರಡು ಇರುತ್ತವೆ: 1, 2, 3, ಎವಿಆರ್, ಎವಿಎಲ್, ಎವಿಎಫ್, ಆಮೇಲೆ ಎದೆಯ ಮೇಲಿನ ವಿ1ರಿಂದ ವಿ6. ಸಾಮಾನ್ಯವಾಗಿ ಲೀಡ್ 1ರಲ್ಲಿ ಅಲೆಗಳು ಮೇಲೆ ಇರಬೇಕು, ಎವಿಆರ್‌ನಲ್ಲಿ ಕೆಳಗೆ. ಎರಡೂ ತಿರುಗಿದ್ದರೆ ಮೊದಲ ಅನುಮಾನ ಎಡಗೈ–ಬಲಗೈ ವೈರ್ ಅದಲು ಬದಲಾಗಿದೆ ಅನ್ನುವುದು. ನಮ್ಮಲ್ಲಿ ಜಾಸ್ತಿ ಕಾಣುವ ಮಷೀನ್‌ಗಳಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯ ಮಷೀನ್ ಆದರೆ ಬಣ್ಣ ಬೇರೆ, ಹಾಗಾಗಿ ಕ್ಲಿಪ್ ಮೇಲಿನ ಅಕ್ಷರ ಓದಿ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ ಈ ಕೆಲಸ ಶುರು ಮಾಡಿದಾಗ ರೋಗಿಯ ಎರಡು ಕೈ, ಎಡಗಾಲನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಡಿಸುತ್ತಿದ್ದರು. ಲೀಡ್ 1, 2, 3 ಇಂದಿಗೂ ಅದೇ ಮೂರು ಜಾಗದಿಂದ ಬರುತ್ತವೆ. ಪ್ರತಿ ಬಡಿತದ ಅಲೆಗಳಿಗೆ ಸಾಲಾಗಿ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟವರೂ ಅವರೇ. ಪಿ ಮೊದಲ ಸಣ್ಣ ಅಲೆ, ಕ್ಯೂಆರ್‌ಎಸ್ ನಡುವಿನ ಚೂಪಾದ ಅಲೆ, ಟಿ ಕೊನೆಯ ಅಲೆ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಎದೆಯ ಮೇಲೆ ವಿ1, ವಿ2 ಇಡುವಾಗ ಅಂದಾಜು ಬೇಡ. ಗಂಟಲ ಕುಳಿಯಿಂದ ಬೆರಳು ಕೆಳಗೆ ಜಾರಿಸಿದರೆ ಎದೆಮೂಳೆಯ ಮೇಲೆ ಒಂದು ದಿಣ್ಣೆ ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸಿ ಪಕ್ಕೆಲುಬುಗಳ ನಡುವಿನ ನಾಲ್ಕನೇ ಸಂದಿಗೆ ಬನ್ನಿ. ಎಣಿಸದೆ ಇಟ್ಟವರದ್ದು ಸಾಮಾನ್ಯವಾಗಿ ಮೇಲೇ ಇರುತ್ತದೆ. ಹೆಂಗಸರಿಗೆ ವಿ4 ಸ್ತನದ ಕೆಳಗೆ ಬರಬೇಕು. ಸಂಕೋಚಪಟ್ಟು ಮೇಲೆ ಅಂಟಿಸಬೇಡಿ, ‘ಅಮ್ಮ, ಇಲ್ಲಿ ಇಡಬೇಕು’ ಅಂತ ಹೇಳಿ, ಬೆಡ್‌ಶೀಟ್ ಹೊದಿಸಿ ಇಡಿ. ವೈರನ್ನು ಎದೆಗೆ ಹಿಡಿಸುವ ರಬ್ಬರ್ ಬಲ್ಬ್ ಬಿರುಕುಬಿಟ್ಟಿದ್ದರೆ ಎಸೆಯಿರಿ. ಅದು ನಡುವೆ ಕಳಚಿ ಬಿದ್ದು ಗೆರೆಯನ್ನೆಲ್ಲ ಹಾಳು ಮಾಡುತ್ತದೆ.

ಬಡಿತದ ಲೆಕ್ಕ ಸುಲಭ. ಎರಡು ಆರ್ ತುದಿಗಳ ನಡುವೆ ಎಷ್ಟು ದೊಡ್ಡ ಚೌಕ ಇವೆಯೋ ಅದರಿಂದ 300 ಭಾಗಿಸಿ. ನಾಲ್ಕಿದ್ದರೆ 75. ತಾಳ ತಪ್ಪಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಹತ್ತು ಸೆಕೆಂಡಿನ ಪಟ್ಟಿಯಲ್ಲಿರುವ ಕ್ಯೂಆರ್‌ಎಸ್ ಎಣಿಸಿ ಆರರಿಂದ ಗುಣಿಸಿ.

ತಾಳ ನೋಡಲು ಒಂದು ತುಂಡು ಕಾಗದ ಸಾಕು. ಅದರ ಅಂಚಿನಲ್ಲಿ ಮೂರು ಆರ್ ತುದಿಗೆ ಪೆನ್ಸಿಲ್ ಗುರುತು ಹಾಕಿ, ಮುಂದಕ್ಕೆ ಸರಿಸುತ್ತಾ ಹೋಗಿ. ಗುರುತು ಕೂಡಿ ಬಂದರೆ ತಾಳ ಸರಿ. ಲೀಡ್ 2ರಲ್ಲಿ ಪ್ರತಿ ಕ್ಯೂಆರ್‌ಎಸ್ ಮುಂದೆ ಮೇಲ್ಮುಖದ ಪಿ ಇದೆಯಾ ನೋಡಿ. ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗೆ ಮೂರರಿಂದ ಐದು ಸಣ್ಣ ಚೌಕ ಇರಬೇಕು. ಕ್ಯೂಆರ್‌ಎಸ್ ಅಗಲ ಮೂರು ಸಣ್ಣ ಚೌಕಕ್ಕಿಂತ ಕಡಿಮೆ ಇರಬೇಕು. ಪಿ ಕಾಣುವುದೇ ಇಲ್ಲ, ಗುರುತು ಒಂದಕ್ಕೂ ಕೂಡುವುದಿಲ್ಲ ಅಂದರೆ ಏಟ್ರಿಯಲ್ ಫೈಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವುದು) ಇರಬಹುದು.

ಇನ್ನು ಎಸ್‌ಟಿ. ಕ್ಯೂಆರ್‌ಎಸ್ ಮುಗಿದು ಟಿ ಶುರುವಾಗುವವರೆಗಿನ ಗೆರೆ ಇದು, ಏರಿದ್ದರೆ ಹೃದಯಾಘಾತದ ಸೂಚನೆ ಇರಬಹುದು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ.

ಕ್ಯೂಆರ್‌ಎಸ್ ಮುಗಿದು ಗೆರೆ ತಿರುಗುವ ಮೂಲೆಗೆ ಜೆ ಪಾಯಿಂಟ್ ಅನ್ನುತ್ತಾರೆ. ಅಳೆಯಬೇಕಾದದ್ದು ಅಲ್ಲಿ. ಮಕ್ಕಳು ಟಿ ಅಲೆಯ ನೆತ್ತಿಗೆ ಸ್ಕೇಲ್ ಇಟ್ಟು ‘ಮೇಡಂ, ಐದು ಮಿ.ಮೀ. ಏರಿದೆ’ ಅಂತ ಓಡಿ ಬರುತ್ತಾರೆ. ಅದು ಟಿ, ಎಸ್‌ಟಿ ಅಲ್ಲ. ಯಾವುದಕ್ಕೆ ಹೋಲಿಸಿ ಅಳೆಯುವುದು ಅನ್ನುವುದೂ ಅಷ್ಟೇ ಮುಖ್ಯ. ಟಿ ಮುಗಿದು ಮುಂದಿನ ಪಿ ಬರುವ ಮೊದಲು ಒಂದು ಸಮತಟ್ಟು ಗೆರೆ ಇರುತ್ತದಲ್ವಾ, ಅದೇ ನಿಮ್ಮ ನೆಲ. ಬಡಿತ ಜೋರಾಗಿ ಆ ಗೆರೆ ಸಿಗದಿದ್ದರೆ ಕ್ಯೂಆರ್‌ಎಸ್ ಶುರುವಾಗುವ ಜಾಗ ಹಿಡಿಯಿರಿ.

ಹೆಚ್ಚಿನ ಲೀಡ್‌ಗಳಲ್ಲಿ ಒಂದು ಮಿ.ಮೀ. ಏರಿದ್ದರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ವಿ2, ವಿ3ರಲ್ಲಿ ಆರೋಗ್ಯವಂತರಿಗೂ ಸ್ವಲ್ಪ ಏರಿರುವುದು ಉಂಟು. ಅಲ್ಲಿ ನಲವತ್ತು ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5 ಮಿ.ಮೀ. ಲೆಕ್ಕ. ಹೆಂಗಸರ ಅಳತೆ ಕಡಿಮೆ ಅನ್ನುವುದನ್ನು ಮರೆತು ‘ಎರಡು ಇಲ್ಲವಲ್ಲ’ ಅಂತ ಬಿಟ್ಟುಬಿಡುವುದನ್ನು ಕಂಡಿದ್ದೇನೆ.

ಒಂದೇ ಲೀಡ್‌ನಲ್ಲಿ ಏರಿದರೆ ಸಾಲದು, ಅಕ್ಕಪಕ್ಕದ ಎರಡರಲ್ಲಿ ಕಾಣಬೇಕು. ಈ ಅಕ್ಕಪಕ್ಕ ಹೃದಯದ್ದು, ಕಾಗದದ್ದಲ್ಲ. ಕಾಗದದಲ್ಲಿ ಲೀಡ್ 1ರ ಕೆಳಗೆ ಲೀಡ್ 2 ಇದ್ದರೂ ಲೀಡ್ 1ರ ನಿಜವಾದ ನೆರೆಮನೆ ಎವಿಎಲ್. ಲೀಡ್ 2, 3, ಎವಿಎಫ್ ಹೃದಯದ ಕೆಳಭಾಗ ನೋಡುತ್ತವೆ, ವಿ1ರಿಂದ ವಿ4 ಮುಂಭಾಗ. ಲೀಡ್ 1, ಎವಿಎಲ್, ವಿ5, ವಿ6 ಎಡಪಕ್ಕ.

ಏರಿದ್ದು ಸಿಕ್ಕಿದರೆ ಎದುರು ಮನೆಯಲ್ಲಿ, ಅಂದರೆ ಎದುರು ಬದಿಯಿಂದ ನೋಡುವ ಲೀಡ್‌ನಲ್ಲಿ, ಇಳಿದಿದೆಯಾ ನೋಡಿ. ಲೀಡ್ 3 ಏರುವಾಗ ಎವಿಎಲ್ ಇಳಿಯುತ್ತದೆ, ಕೆಲವೊಮ್ಮೆ ಎವಿಎಲ್ ಮೊದಲೇ ಇಳಿದಿರುತ್ತದೆ. ಒಂದು ರಾತ್ರಿ ಐವತ್ತರ ಆಸುಪಾಸಿನ ರೈತರೊಬ್ಬರು ‘ಗ್ಯಾಸ್ಟ್ರಿಕ್ ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿ ಕಳಿಸಿ’ ಅಂತ ಬಂದರು. ಮಷೀನ್ ‘ನಾರ್ಮಲ್’ ಅಂತಲೇ ಬರೆದಿತ್ತು. ಎವಿಎಲ್‌ನಲ್ಲಿ ಮಾತ್ರ ಗೆರೆ ಒಂಚೂರು ಕುಸಿದಿತ್ತು. ವೈರ್ ತೆಗೆಯದೆ ಅಲ್ಲೇ ಮಲಗಿಸಿ ಹದಿನೈದು ನಿಮಿಷಕ್ಕೆ ಇನ್ನೊಂದು ತೆಗೆದೆವು. ಲೀಡ್ 2, 3, ಎವಿಎಫ್ ಮೂರೂ ಎದ್ದು ನಿಂತಿದ್ದವು. ಆವತ್ತಿನಿಂದ ನೋವು ಇನ್ನೂ ಇರುವ ಯಾರದ್ದೇ ಆಗಲಿ, ಒಂದೇ ಇಸಿಜಿ ನಂಬುವುದನ್ನು ಬಿಟ್ಟೆ. ನೀವೂ ಹದಿನೈದು–ಮೂವತ್ತು ನಿಮಿಷಕ್ಕೊಮ್ಮೆ ತೆಗೆಯಿರಿ.

ಕೆಳಭಾಗದ ಲೀಡ್‌ಗಳು ಏರಿದ್ದರೆ ವಿ4 ವೈರನ್ನು ಬಲ ಎದೆಯ ಅದೇ ಜಾಗಕ್ಕೆ ಸರಿಸಿ ಇನ್ನೊಂದು ಪಟ್ಟಿ ತೆಗೆಯಿರಿ. ಹೃದಯದ ಬಲಕೋಣೆಗೂ ಪೆಟ್ಟು ಬಿದ್ದಿದ್ದರೆ ಎದೆ ನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆಯಿಂದ ಬಿಪಿ ದಿಢೀರನೆ ಬೀಳಬಹುದು. ಈ ಒಂದು ನಿಮಿಷದ ಕೆಲಸವನ್ನು ಸುಮ್ನೆ ಬಿಡಬೇಡಿ.

ಈಗ ಹೆಬ್ಬೆರಳು ತೆಗೆದು ಮಷೀನ್ ಏನು ಹೇಳಿದೆ ನೋಡಿ. ನಿಮ್ಮದಕ್ಕೂ ಅದರದ್ದಕ್ಕೂ ತಾಳೆಯಾಗದಿದ್ದರೆ ವೈದ್ಯರನ್ನು ಕರೆಯಿರಿ. ಹಳೆಯ ಇಸಿಜಿ ಇದ್ದರೆ ಪಕ್ಕದಲ್ಲಿಟ್ಟು ನೋಡಿ, ಇದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಹೃದಯ ಪರೀಕ್ಷೆ ಆಗುತ್ತದೆ ಅನ್ನುವ ಮೊಬೈಲ್ ಆ್ಯಪ್‌ಗೆ ದುಡ್ಡು ಹಾಕಬೇಡಿ, ಅದಕ್ಕೆ ಸಿಗುವುದು ನಾಡಿ ಮಾತ್ರ. ವಾಚ್‌ನಲ್ಲಿ ಬರುವ ಇಸಿಜಿ ಒಂದೇ ಲೀಡ್. ತಾಳ ತಪ್ಪಿದ್ದು ಹಿಡಿಯಲು ಅದು ಒಳ್ಳೆಯದು, ಹೃದಯಾಘಾತ ಇಲ್ಲ ಅಂತ ಹೇಳಲು ಅದರಿಂದ ಆಗುವುದಿಲ್ಲ.

ತಾಲ್ಲೂಕಿನಿಂದ ದೊಡ್ಡ ಆಸ್ಪತ್ರೆಗೆ ಫೋನಿನಲ್ಲಿ ಇಸಿಜಿ ಕಳಿಸುವುದು ಈಗ ದಿನನಿತ್ಯದ ಕೆಲಸ. ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಫ್ಲ್ಯಾಶ್ ಆಫ್ ಮಾಡಿ, ಹನ್ನೆರಡು ಲೀಡೂ ಒಂದೇ ಫೋಟೊದಲ್ಲಿ ಬರುವಂತೆ ನೇರವಾಗಿ ಮೇಲಿನಿಂದ ತೆಗೆಯಿರಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಪೆನ್ನಿನಲ್ಲಿ ಪಟ್ಟಿಯ ಮೇಲೇ ಬರೆಯಿರಿ. ಆಮೇಲೆ ಒಂದು ಜೆರಾಕ್ಸ್ ಮಾಡಿಸಿ ಮನೆಯವರಿಗೆ ಕೊಡಿ, ಈ ಕಾಗದದ ಗೆರೆ ವರ್ಷ ಕಳೆದಂತೆ ಮಾಸಿಹೋಗುತ್ತದೆ. ಜೋಪಾನ ಮಾಡಲೆಂದು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿ ತಾಗಿದರೆ ಪಟ್ಟಿ ಪೂರ್ತಿ ಕಪ್ಪಾಗುತ್ತದೆ.